ರಾಯಚೂರು ಬಿಸಿಲಲ್ಲಿ ಒರಾಂಡಾ ಸಾಕಿದ್ದು: ನನ್ನ ಅನುಭವ

ನಮ್ಮೂರಲ್ಲಿ ಗೋಲ್ಡ್ ಫಿಶ್ ಬೇಸಿಗೆ ದಾಟುವುದಿಲ್ಲ. ಅಂಗಡಿಯವರಿಂದ ಹಿಡಿದು ಪಕ್ಕದ ಮನೆಯವರ ತನಕ ಎಲ್ಲರೂ ಹೇಳುವ ಮಾತು ಇದು. ಯುಗಾದಿಗೆ ತಂದದ್ದು ಬಸವ ಜಯಂತಿಗೆ ಇರುವುದಿಲ್ಲ ಎಂದು ನಗುತ್ತಾರೆ. ಒರಾಂಡಾ ಅಂದರೆ ಗೋಲ್ಡ್ ಫಿಶ್‌ನದೇ ಒಂದು ಬಗೆ. ನನ್ನ ಒರಾಂಡಾಗಳು ಎರಡು ಬೇಸಿಗೆ ದಾಟಿವೆ, ಮೂರನೆಯದು ನಡೆಯುತ್ತಿದೆ. ತಲೆಯ ಮೇಲಿನ ಗಡ್ಡೆ ಚೆನ್ನಾಗಿ ಬೆಳೆದು ಕಣ್ಣು ಮುಚ್ಚುವ ಹಾಗಾಗಿದೆ. ಅದಕ್ಕೇ ಬರೆಯುವ ಧೈರ್ಯ ಮಾಡಿದ್ದೇನೆ. ಫಿಲ್ಟರ್ ಸೈಕಲ್ ಮಾಡುವುದು (ಅಂದರೆ ಫಿಲ್ಟರಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಸುವುದು), ನೀರು ಬದಲಾಯಿಸುವುದು ಇದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದೆಲ್ಲ ಗೊತ್ತಿದ್ದೂ ಏಪ್ರಿಲ್‌ನಲ್ಲಿ ಮೀನು ಕಳೆದುಕೊಳ್ಳುವವರಿಗೆ ಇದು.

ನನ್ನ ಟ್ಯಾಂಕ್ ಮೂರಡಿಯದು. ಮಣ್ಣು, ಕಲ್ಲು ಕಳೆದರೆ ಸುಮಾರು 90 ಲೀಟರ್ ನೀರು. ಬೋರ್ ನೀರು, ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) ಸಾವಿರದ ಆಸುಪಾಸು, ಪಿಎಚ್ 8ರ ಮೇಲೆ. ನಲ್ಲಿ ನೀರು ದಿನಾ ಬರುವುದಿಲ್ಲ, ಬಂದಾಗ ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತದೆ. ಎರಡು ನದಿಗಳ ನಡುವಿನ ಜಿಲ್ಲೆ ಎಂದು ಹೆಸರು, ಟ್ಯಾಂಕಿಗೆ ಮಾತ್ರ ಬೋರ್ ನೀರೇ ಗತಿ. ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ ಇದ್ದರೆ ಮಧ್ಯಾಹ್ನ ನಾಲ್ಕಕ್ಕೆ ಟ್ಯಾಂಕಿನ ನೀರು 34. ಆರ್‌ಸಿಸಿ ಮನೆ ಅಲ್ವಾ, ರಾತ್ರಿಯಾದರೂ 31ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಪ್ರತಿ ಬೇಸಿಗೆಯೂ ಒಂದೇ ರೀತಿ ಶುರುವಾಗುತ್ತಿತ್ತು. ಮೊದಲು ಬಾಯಿಯ ಸುತ್ತ ಬಿಳಿ ಅಂಚು. ಆಮೇಲೆ ಬೆನ್ನಿನ ರೆಕ್ಕೆಯ ಬುಡದಲ್ಲಿ ಮಾಸಲು ಪಟ್ಟೆ. ಮೂರನೇ ದಿನ ಮೀನು ಮೇಲೆ ತೇಲುತ್ತಿತ್ತು. ಅಂಗಡಿಯವರು ಹೇಳಿದ್ದು: "ಫಂಗಸ್ ಅದ ರೀ. ಹೀಟರ್ ಹಾಕ್ರಿ, ನೀಲಿ ಔಷಧಿ ಬಿಡ್ರಿ." ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ಹೀಟರ್! ಆದರೂ ಹಾಕಿದೆ. ಹೀಟರ್ 350 ರೂಪಾಯಿ, ಮೆಥಿಲೀನ್ ಬ್ಲೂ ಐವತ್ತೋ ಅರವತ್ತೋ. ಎರಡೂ ಸೇರಿ ಮೀನನ್ನು ಇನ್ನೂ ಬೇಗ ಮುಗಿಸಿದವು. ಮೆಥಿಲೀನ್ ಬ್ಲೂ ಟ್ಯಾಂಕಿಗೇ ಬಿಟ್ಟರೆ, ಮೀನಿನ ಹೊಲಸಿನಿಂದ ಬರುವ ಅಮೋನಿಯಾ ತಿನ್ನುವ ಫಿಲ್ಟರಿನ ಬ್ಯಾಕ್ಟೀರಿಯಾ ಸಾಯುತ್ತವೆ. ಅದರ ಹಿಂದೆಯೇ ಅಮೋನಿಯಾ ಏರುತ್ತದೆ. ಕಾಯಿಲೆ ಒಂದಿದ್ದದ್ದು ಎರಡಾಯಿತು.

ಆಮೇಲೆ ಮೆಡಿಕಲ್ ಶಾಪಿನ ಟೆಟ್ರಾಸೈಕ್ಲಿನ್. ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಸುರಿಯುವ ಪದ್ಧತಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ನೀರು ಕಂದು ಬಣ್ಣಕ್ಕೆ ತಿರುಗಿ ನೊರೆ ಬಂತು, ಬೇರೇನೂ ಆಗಲಿಲ್ಲ. ಆಗುವುದೂ ಇಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಈ ಔಷಧಿಯನ್ನು ಕಟ್ಟಿಹಾಕುತ್ತದೆ, ಮೀನಿನ ಮೈಗೆ ಸೇರುವುದು ತೀರಾ ಕಡಿಮೆ. ನಮ್ಮ ಬೋರ್ ನೀರಿಗೆ ಟೆಟ್ರಾಸೈಕ್ಲಿನ್ ಹಾಕುವುದು ಸುಮ್ನೆ ದುಡ್ಡು ಸುರಿದ ಹಾಗೆ.

ಇದು ಫಂಗಸ್ ಅಲ್ಲವೇ ಅಲ್ಲ. ಕಾಲಮ್ನಾರಿಸ್. ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಹತ್ತಿಯ ಹಾಗೆ ಕಾಣುತ್ತದೆ, ಎಲ್ಲರೂ ಅಲ್ಲೇ ಮೋಸ ಹೋಗುತ್ತಾರೆ. ನಿಜವಾದ ಫಂಗಸ್ ಉದ್ದ ನೂಲು ಬಿಡುತ್ತದೆ, ಗಾಯದ ಮೇಲೆ ಬರುತ್ತದೆ, ನಿಧಾನವಾಗಿ ಹರಡುತ್ತದೆ. ಕಾಲಮ್ನಾರಿಸ್ ಬಾಯಿ, ಬೆನ್ನು, ಕಿವಿರು ಹಿಡಿಯುತ್ತದೆ, ನೀರು ಬಿಸಿಯಾದಷ್ಟೂ ಜೋರಾಗುತ್ತದೆ. ಗಡಸು ನೀರಲ್ಲಿ ಮೀನಿನ ಮೈಗೆ ಇನ್ನೂ ಚೆನ್ನಾಗಿ ಅಂಟಿಕೊಳ್ಳುತ್ತದೆ. ಬಿಸಿ ನೀರು, ಗಡಸು ನೀರು, ಎರಡೂ ನಮ್ಮ ಮನೆಯಲ್ಲೇ ಇವೆ. ಹಾಗಾದರೆ ಔಷಧಿ ಹುಡುಕುವ ಮೊದಲು ನೀರು ತಣ್ಣಗೆ ಮಾಡಬೇಕು ಎಂದು ತೀರ್ಮಾನಿಸಿದೆ.

ತಣ್ಣಗೆ ಮಾಡುವುದು ಹೇಳಿದಷ್ಟು ಸುಲಭ ಇರಲಿಲ್ಲ. ನೀರು ತಣಿಸುವ ಯಂತ್ರ, ಚಿಲ್ಲರ್, ವಿಚಾರಿಸಿದೆ, ಹದಿನೈದು ಸಾವಿರದಿಂದ ಶುರು. ಅಷ್ಟು ದುಡ್ಡಿಗೆ ಮನೆಗೊಂದು ಹೊಸ ಕೂಲರ್ ತಂದು ಜನ ತಣ್ಣಗೆ ಮಲಗಬಹುದು, ಮನೆಯವರು ಅದನ್ನೇ ಹೇಳಿದರು. ಐಸ್ ಬಾಟಲಿ ತೇಲಿಬಿಟ್ಟೆ. ಒಂದು ಗಂಟೆಗೆ 34ರಿಂದ 30ಕ್ಕೆ ಇಳಿಯಿತು, ಮತ್ತೆರಡು ಗಂಟೆಗೆ ವಾಪಸ್ 33. ಈ ಏರಿಳಿತ ಬಿಸಿಗಿಂತ ಕೆಟ್ಟದ್ದು. ಮೀನು ರೆಕ್ಕೆ ಮುದುರಿ ಮೂಲೆ ಸೇರಿದವು. ಗಾಜಿಗೆ ಒದ್ದೆ ಗೋಣಿಚೀಲ ಸುತ್ತಿದೆ. ಅರ್ಧ ಡಿಗ್ರಿ ಇಳಿದಿರಬಹುದು, ಶಹಾಬಾದ್ ಕಲ್ಲಿನ ನೆಲವೆಲ್ಲ ಪಾಚಿ ಹಿಡಿದದ್ದು ಮಾತ್ರ ಗ್ಯಾರಂಟಿ.

ಕೊನೆಗೆ ಹೊಳೆದದ್ದು ಕೂಲರಿನ ಲೆಕ್ಕವೇ. ನಮ್ಮ ಗಾಳಿ ಒಣ, ಆದ್ದರಿಂದಲೇ ಇಲ್ಲಿ ಕೂಲರ್ ಕೆಲಸ ಮಾಡುತ್ತದೆ, ಮಂಗಳೂರಲ್ಲಿ ಮಾಡುವುದಿಲ್ಲ. ನೀರಿನ ಮೇಲೆ ನೇರ ಗಾಳಿ ಬಿಟ್ಟರೆ ನೀರು ತಾನೇ ಆವಿಯಾಗಿ ತಣ್ಣಗಾಗಬೇಕು. ಕಂಪ್ಯೂಟರ್ ರಿಪೇರಿ ಅಂಗಡಿಯಿಂದ 12 ವೋಲ್ಟಿನ ಎರಡು ಫ್ಯಾನ್ ತಂದೆ. ಹಳೆಯವು, ಎರಡಕ್ಕೆ 200. ಅಡಾಪ್ಟರ್ 150. ಟ್ಯಾಂಕಿನ ಒಂದು ಬದಿಯಲ್ಲಿ ಕೂರಿಸಿ, ಗಾಜಿನ ಮುಚ್ಚಳ ತೆಗೆದು ಸೊಳ್ಳೆ ಪರದೆ ಹಾಕಿದೆ. ಗಾಳಿ ಮೇಲಿನಿಂದ ಕುಟ್ಟಬಾರದು, ನೀರಿನ ಮೈಮೇಲೆ ಸವರಿಕೊಂಡು ಹೋಗಿ ಆಚೆ ಬದಿಯಿಂದ ಹೊರಬೀಳಬೇಕು. ಮುಚ್ಚಿದ ಹುಡ್ (ಟ್ಯಾಂಕಿನ ಮೇಲಿನ ಮುಚ್ಚಳ) ಒಳಗೆ ಫ್ಯಾನ್ ಹಾಕಿದರೆ ಒದ್ದೆ ಗಾಳಿ ಅಲ್ಲೇ ಸುತ್ತುತ್ತದೆ, ಪ್ರಯೋಜನವಿಲ್ಲ. ಎಷ್ಟು ಓರೆಯಲ್ಲಿ ಕೂರಿಸಿದ್ದೇನೆ ಎಂಬುದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ನೀವೂ ಸ್ವಲ್ಪ ತಲೆ ಕೆಡಿಸಿಕೊಳ್ಳಿ.

ಅದೇ ಮೇ ತಿಂಗಳಲ್ಲಿ ನೀರು 29 ದಾಟಲಿಲ್ಲ. ಹಗಲು ರಾತ್ರಿಯ ವ್ಯತ್ಯಾಸ ಒಂದೂವರೆ ಡಿಗ್ರಿಯೊಳಗೆ. ಆಮೇಲೆ ಎಸ್‌ಟಿಸಿ-1000 ಎಂಬ ಥರ್ಮೋಸ್ಟಾಟ್ ತರಿಸಿ, 28ಕ್ಕೆ ಚಾಲೂ, 27ಕ್ಕೆ ಬಂದ್ ಎಂದು ಕಟ್ಟಿದೆ. ಅದು ನಾನೂರರ ಒಳಗೆ. ಓಣಿಯ ಹಿರಿಯರೊಬ್ಬರು ಬಂದು ನೋಡಿ, "ಏನ್ ರೀ, ಮೀನಿಗೂ ಫ್ಯಾನ್ ಹಾಕೀರಿ? ನಮಗ ಕರೆಂಟ್ ಇಲ್ಲ!" ಎಂದರು. ನಕ್ಕರೂ ಮಾತು ನಿಜ. ಶಕ್ತಿನಗರದ 1720 ಮೆಗಾವ್ಯಾಟ್ ಸ್ಥಾವರ ಪಕ್ಕದಲ್ಲೇ ಇದ್ದರೂ ಮಧ್ಯಾಹ್ನ ಕರೆಂಟ್ ಹೋಗುವುದು ನಿಂತಿಲ್ಲ. ಹಾಗಾಗಿ ಬ್ಯಾಟರಿಯ ಏರ್ ಪಂಪ್ ತಗೊಳ್ಳಲೇಬೇಕಾಯಿತು. ಒಳ್ಳೆಯದು ಏಳುನೂರು ಎಂಟುನೂರು. ಮುನ್ನೂರಕ್ಕೆ ಸಿಗುವುದು ಎರಡನೇ ತಿಂಗಳಿಗೆ ಕೈಕೊಟ್ಟಿತು.

ಈ ಪಂಪಿಗೆ ಮಾತ್ರ ಜಿಪುಣತನ ಬೇಡ. 25 ಡಿಗ್ರಿಯಲ್ಲಿ ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 34ಕ್ಕೆ 7 ಮಿಲಿಗ್ರಾಂ ಹಿಡಿಯುತ್ತದೆ. ಬಿಸಿ ನೀರಲ್ಲಿ ಮೀನಿಗೆ ಬೇಕಾಗುವುದೋ ಇನ್ನೂ ಜಾಸ್ತಿ. ಅಮೋನಿಯಾದ್ದೂ ಹಾಗೇ. ಪಿಎಚ್ 7, 25 ಡಿಗ್ರಿ ಇದ್ದರೆ ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲೂ ವಿಷದ ರೂಪದಲ್ಲಿರುವುದಿಲ್ಲ. ನಮ್ಮ ಪಿಎಚ್ 8.2, ಬೇಸಿಗೆಯ 34 ಡಿಗ್ರಿಗೆ ಅದೇ ನೂರಕ್ಕೆ ಹತ್ತಕ್ಕಿಂತ ಜಾಸ್ತಿ. ಬೆಂಗಳೂರಿನ ಗೆಳೆಯನ ಟ್ಯಾಂಕಿನಲ್ಲಿ ಏನೂ ಮಾಡದ ಅಮೋನಿಯಾ ನನ್ನ ಟ್ಯಾಂಕಿನಲ್ಲಿ ಕಿವಿರು ಸುಡುತ್ತದೆ. ಏಪ್ರಿಲ್‌ನಿಂದ ಜೂನ್ ತನಕ ಊಟ ಅರ್ಧ ಮಾಡಿದ್ದೇನೆ. ಬೆಳಿಗ್ಗೆ ಏಳರೊಳಗೆ ಒಂದು ಸಲ, ವಾರಕ್ಕೊಂದು ಉಪವಾಸ. ಮಕ್ಕಳು ಕದ್ದು ಹಾಕುತ್ತಾರೆ, ಡಬ್ಬಿ ಬೀರುವಿನಲ್ಲಿಡಿ.

ಫ್ಯಾನಿನದ್ದೂ ಒಂದು ತೊಂದರೆ ಇದೆ. ದಿನಕ್ಕೆ ಎರಡು ಮೂರು ಲೀಟರ್ ನೀರು ಆವಿಯಾಗುತ್ತದೆ. ಬೋರ್ ನೀರನ್ನೇ ಮೇಲೆ ಸುರಿಯುತ್ತಾ ಹೋದರೆ ಲವಣ ಒಳಗೇ ಉಳಿಯುತ್ತದೆ. ಮೊದಲ ಬೇಸಿಗೆಯ ಕೊನೆಗೆ ಟಿಡಿಎಸ್ 1,800 ಹತ್ತಿರ ಹೋಗಿತ್ತು. ಈಗ ಆವಿಯಾದದ್ದಕ್ಕೆ ಆರ್‌ಒ ನೀರು, ವಾರದ ಬದಲಾವಣೆಗೆ ಬೋರ್ ನೀರು. ಇಪ್ಪತ್ತು ಲೀಟರ್ ಕ್ಯಾನ್ ಒಂದು ವಾರಕ್ಕೆ ಸಾಕಾಗುತ್ತದೆ. ಪೂರ್ತಿ ಆರ್‌ಒ ನೀರು ಮಾತ್ರ ಹಾಕಬೇಡಿ, ಪಿಎಚ್ ನೆಲಕಚ್ಚುತ್ತದೆ. ಗೋಲ್ಡ್ ಫಿಶ್‌ಗೆ ಗಡಸು ನೀರು ಚೆನ್ನಾಗಿಯೇ ಒಗ್ಗುತ್ತದೆ.

ಇಷ್ಟಾದರೂ ಕಾಯಿಲೆ ಬರುವುದೇ ಇಲ್ಲ ಎಂದಲ್ಲ. ಚೆನ್ನೈನ ಕೊಳತ್ತೂರಿನ ಪ್ಯಾಕೆಟ್ ಮೀನು ಬಂದಾಗ ಜೊತೆಗೆ ಏನಾದರೊಂದು ಬರುತ್ತದೆ. ಬಾಯಲ್ಲಿ ಬಿಳಿ ಅಂಚು ಕಂಡ ದಿನವೇ ಆ ಮೀನನ್ನು ಟಬ್ಬಿಗೆ ಹಾಕಿ, ಟಬ್ಬಿನ ಮೇಲೂ ಒಂದು ಫ್ಯಾನ್ ಇಡುತ್ತೇನೆ. ಕಲ್ಲುಪ್ಪು ಲೀಟರಿಗೆ ಎರಡರಿಂದ ಮೂರು ಗ್ರಾಂ. ಒಂದೇ ಸಲ ಅಲ್ಲ, ಎರಡು ದಿನದಲ್ಲಿ ಮೂರು ಕಂತು, ಕರಗಿಸಿ ಹಾಕುವುದು. ದೊಡ್ಡ ಟ್ಯಾಂಕಿಗೆ ಲೀಟರಿಗೆ ಎರಡು ಗ್ರಾಂ ಲೆಕ್ಕದಲ್ಲಿ ಸುಮಾರು 180 ಗ್ರಾಂ. ನೀರು ಬದಲಿಸಿದಾಗ ತೆಗೆದ ನೀರಿಗೆ ಎಷ್ಟೋ ಅಷ್ಟೇ ಉಪ್ಪು ಹಾಕಬೇಕು. ಆವಿಯಾದದ್ದಕ್ಕೆ ಬೇಡ, ಉಪ್ಪು ಆವಿಯಾಗುವುದಿಲ್ಲ. ಕಿಲೋ ಉಪ್ಪು ಇಪ್ಪತ್ತು ರೂಪಾಯಿ, ನನ್ನ ಔಷಧಿ ಖರ್ಚು ವರ್ಷಕ್ಕೆ ನೂರು ದಾಟುವುದಿಲ್ಲ. ಲೋಚ್, ಕೋರಿಡೋರಾಸ್ ಜಾತಿಯ ಮೀನು ಇದ್ದವರು ಈ ಅಳತೆ ಹಾಕಬೇಡಿ, ಅವಕ್ಕೆ ಉಪ್ಪು ಅಷ್ಟಾಗಿ ಆಗಿಬರುವುದಿಲ್ಲ. ಗಿಡಗಳೂ ಕರಗಿಹೋಗುತ್ತವೆ.

ಕಾಯಿಲೆ ಬೆನ್ನಿಗೆ ಏರಿದ್ದರೆ ಪೊಟ್ಯಾಸಿಯಂ ಪರ್ಮಾಂಗನೇಟ್. ಒಂದು ಗ್ರಾಂ ಒಂದು ಲೀಟರಿಗೆ ಕರಗಿಸಿಟ್ಟುಕೊಂಡು, ಅದರಲ್ಲಿ 50 ಮಿಲಿ ಹತ್ತು ಲೀಟರ್ ಬಕೆಟ್ಟಿಗೆ. ಪುಸ್ತಕದ ಅಳತೆ ಇದಕ್ಕೆ ಎರಡು ಪಟ್ಟು ಇರುತ್ತದೆ. ನಮ್ಮ ಹಾಗೆ ಪಿಎಚ್ ಜಾಸ್ತಿ ಇರುವ ನೀರಲ್ಲಿ ಅದರ ಮ್ಯಾಂಗನೀಸ್ ಕಿವಿರಿನ ಮೇಲೆ ಕೂರಬಹುದು. ಅದಕ್ಕೇ ಅರ್ಧ ಹಾಕಿ, ಐದು ನಿಮಿಷಕ್ಕೆ ತೆಗೆಯುತ್ತೇನೆ. ಪಕ್ಕದಲ್ಲೇ ನಿಲ್ಲಬೇಕು, ಫೋನ್ ಬಂದರೂ ಹೋಗಬಾರದು. ಮೀನು ಮಗ್ಗುಲಾದರೆ ತಕ್ಷಣ ತೆಗೆಯಿರಿ. ಹೈಪೊ (ಸೋಡಿಯಂ ಥಯೋಸಲ್ಫೇಟ್) ಹರಳು ಕೈಯಲ್ಲಿರಲಿ, ಎರಡು ಹರಳಿಗೆ ಬಣ್ಣ ಹೋಗಿಬಿಡುತ್ತದೆ. ಫಾರ್ಮಲಿನ್ ಎಂಬ ಇನ್ನೊಂದು ಮೀನಿನ ಔಷಧಿಯ ಜೊತೆ ಮಾತ್ರ ಇದನ್ನು ಎಂದೂ ಸೇರಿಸಬೇಡಿ. ಫಾರ್ಮಲಿನ್ ನೀರಿನ ಆಮ್ಲಜನಕವನ್ನೂ ಎಳೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ನಾನು ಅದರ ಬಾಟಲಿಯನ್ನೇ ಮುಟ್ಟುವುದಿಲ್ಲ.

ಇನ್ನು ವೈಟ್ ಸ್ಪಾಟ್. ಇದಕ್ಕೆ ಚಿಕಿತ್ಸೆ ಪೂರ್ತಿ ಉಲ್ಟಾ. ನಮ್ಮಲ್ಲಿ ಇದು ಡಿಸೆಂಬರ್, ಜನವರಿಯ ಕಾಯಿಲೆ. ರಾತ್ರಿ ಚಳಿ ಬಿದ್ದು ನೀರು 20ರ ಹತ್ತಿರ ಬಂದಾಗ ಮೈಮೇಲೆ ರವೆ ಉದುರಿಸಿದ ಹಾಗೆ ಚುಕ್ಕಿ. ಬೇಸಿಗೆಯಲ್ಲಿ ಮೂಲೆಗೆ ಬಿದ್ದಿದ್ದ ಆ 350 ರೂಪಾಯಿ ಹೀಟರಿಗೆ ಆಗ ಕೆಲಸ. ದಿನಕ್ಕೆ ಎರಡು ಡಿಗ್ರಿಯಂತೆ ಏರಿಸಿ 30ಕ್ಕೆ ನಿಲ್ಲಿಸಿ, ಜೊತೆಗೆ ಅದೇ ಉಪ್ಪು. ಚುಕ್ಕಿ ಚರ್ಮದ ಒಳಗಿರುತ್ತದೆ, ಅಲ್ಲಿಗೆ ಯಾವ ಔಷಧಿಯೂ ಮುಟ್ಟುವುದಿಲ್ಲ. ಚುಕ್ಕಿಯೊಳಗಿನ ಹುಳ ಅಲ್ಲಿಂದ ಉದುರಿ, ತಳದಲ್ಲಿ ನೂರಾರು ಮರಿ ಬಿಟ್ಟು, ಅವು ಈಜಾಡುತ್ತಾ ಮೀನು ಹುಡುಕುವಾಗ ಮಾತ್ರ ಸಿಗುತ್ತವೆ. ನೀರು ಬೆಚ್ಚಗಿದ್ದರೆ ಈ ಸುತ್ತು ಬೇಗ ಮುಗಿಯುತ್ತದೆ. ಚುಕ್ಕಿ ಹೋಯಿತು ಎಂದು ಮೂರನೇ ದಿನವೇ ನಿಲ್ಲಿಸುವವರೇ ಜಾಸ್ತಿ. ಚುಕ್ಕಿ ಹೋದ ಮೇಲೂ ಒಂದು ವಾರ, ಹತ್ತು ದಿನ ನಡೆಸಬೇಕು.

ನಡುವೆ ಬೇರೆ ಆಟಗಳನ್ನೂ ಆಡಿದ್ದೇನೆ. ಕಾಡು ಬಾದಾಮಿ ಎಲೆ ಒಣಗಿಸಿ ಹಾಕಿದೆ, ನೀರು ಚಹಾ ಬಣ್ಣಕ್ಕೆ ಬಂತು. ನಮ್ಮ ಗಡಸು ನೀರಲ್ಲಿ ಪಿಎಚ್ ಒಂದು ಕೂದಲೂ ಇಳಿಯಲಿಲ್ಲ. ಅರಿಶಿನದಿಂದ ಗಾಜು ಹಳದಿಯಾಯಿತು. ಬೇವಿನ ಕಷಾಯವನ್ನು ಗಪ್ಪಿ ಬಕೆಟ್ಟಿಗೆ ಬಿಟ್ಟಾಗ ಗಪ್ಪಿಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಬೇವು ಮೀನಿಗೆ ವಿಷವೇ. ನಾಟಿ ಔಷಧಿ ಎಂದು ಯಾರು ಹೇಳಿದರೂ ಮೊದಲು ಅವರ ಟ್ಯಾಂಕ್ ತೋರಿಸಿ ಎನ್ನಿ.

ಫಲ ಕೊಟ್ಟದ್ದು ಮಾಳಿಗೆಯ ಸಿಮೆಂಟ್ ತೊಟ್ಟಿ. ಸೊಳ್ಳೆ ಮರಿ ತಿನ್ನಲಿ ಎಂದು ಬಾವಿ, ತೊಟ್ಟಿಗೆ ಬಿಡುವ ಗಪ್ಪಿಯನ್ನೇ ತಂದು ಬಿಟ್ಟೆ. ಹಸಿರು ನೆಟ್ ಕಟ್ಟಿ, ಅರ್ಧ ತೊಟ್ಟಿಗೆ ಜಲಸಸ್ಯ ತುಂಬಿದ್ದೇನೆ. 36 ಡಿಗ್ರಿಯಲ್ಲೂ ಅವು ಮರಿ ಹಾಕುತ್ತಿವೆ. ಪಕ್ಕದ ಬಕೆಟ್ಟಿನಲ್ಲಿ ಸೊಳ್ಳೆ ಮರಿ ಬೆಳೆಸಿ, ಜಾಲರಿಯಲ್ಲಿ ಸೋಸಿ ಒರಾಂಡಾಗಳಿಗೆ ಹಾಕುತ್ತೇನೆ. ಪುಕ್ಕಟೆ ಊಟ. ಬಕೆಟ್ ಮಾತ್ರ ದಿನ ಬಿಟ್ಟು ದಿನ ಸೋಸಲೇಬೇಕು, ಇಲ್ಲದಿದ್ದರೆ ಸೊಳ್ಳೆ ಓಣಿಗೆ ಹಂಚಿದ ಹಾಗಾಗುತ್ತದೆ. ಕಾಯಿಲೆ ಬಿದ್ದ ಮೀನಿಗೆ ಬೆಳ್ಳುಳ್ಳಿ ಸೇರಿಸಿದ ಒಂದು ಉಂಡೆ ಮಾಡುತ್ತೇನೆ, ಊಟ ಬಿಟ್ಟ ಮೀನೂ ಬಾಯಿ ಹಾಕುತ್ತದೆ. ಅದರಲ್ಲಿ ಇನ್ನೇನಿದೆ ಎಂದು ಅಂಗಡಿಯವರು ಈಗಲೂ ಕೇಳುತ್ತಾರೆ. ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಅಂದ ಹಾಗೆ ಹೀಟರ್ ಹಾಕ್ರಿ ಎಂದಿದ್ದ ಅದೇ ಅಂಗಡಿಯಲ್ಲಿ ಈಗ ಕ್ಲಿಪ್ ಇರುವ ಫ್ಯಾನ್ ಮಾರಾಟಕ್ಕಿದೆ, 450 ರೂಪಾಯಿ. ನನ್ನದು 200 ಎಂದು ನಾನೇನೂ ಬಾಯಿ ಬಿಟ್ಟಿಲ್ಲ.

ಕೊನೆಗೆ ಎರಡು ಮಾತು ಬಾಕಿ. ಜುಲೈ, ಆಗಸ್ಟ್‌ನಲ್ಲಿ ಮಳೆ ಹಿಡಿದು ಗಾಳಿ ಒದ್ದೆಯಾದಾಗ ಫ್ಯಾನಿನಿಂದ ಒಂದು ಡಿಗ್ರಿ ಇಳಿದರೆ ಪುಣ್ಯ. ಆಗ ಹೊರಗೂ ಅಷ್ಟು ಬಿಸಿ ಇರುವುದಿಲ್ಲ, ಚಿಂತೆಯಿಲ್ಲ. ಫ್ಲವರ್‌ಹಾರ್ನ್ ಸಾಕುವವರು ನನ್ನ 28, 27ರ ಲೆಕ್ಕ ನೋಡಿ ಫ್ಯಾನ್ ಕಟ್ಟಬೇಡಿ. ಅದಕ್ಕೆ 28ರಿಂದ 30 ಬೇಕು. ನಿಮ್ಮ ಥರ್ಮೋಸ್ಟಾಟ್ 31ಕ್ಕೆ ಚಾಲೂ ಆಗಲಿ, ಏರ್ ಪಂಪ್ ಮಾತ್ರ ನನ್ನದಕ್ಕಿಂತ ದೊಡ್ಡದಿರಲಿ.