ಬೀಡಿ ಬಿಡಿಸುವ ಮೊದಲು ಮಾತ್ರೆ ಚೀಟಿ ನೋಡಿ

ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ, ಮಾನಸಿಕ ಕಾಯಿಲೆಗಳನ್ನು ನೋಡುವ ಮನೋಚೈತನ್ಯ ಕ್ಲಿನಿಕ್‌ನಲ್ಲಿ ನಾನು ಸಮಾಜ ಕಾರ್ಯಕರ್ತೆ. ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ ಕೇಳಿಸುವ, ಇಲ್ಲದ ಅನುಮಾನ ಕಾಡುವ ಮಾನಸಿಕ ಕಾಯಿಲೆ) ಇರುವವರಿಗೆ ಬೀಡಿ ಬಿಡಿಸಲು ಹೊರಟರೆ ಮೊದಲು ಅಡ್ಡ ಬರುವವರು ಮನೆಯವರೇ. “ಬಿಡಿ ಮೇಡಂ, ಅವನಿಗಿರೋ ಸುಖ ಅದೊಂದೇ” ಅಂತಾರೆ. ಈ ಕಾಯಿಲೆಯವರ ಆಯಸ್ಸು ಉಳಿದವರಿಗಿಂತ 10ರಿಂದ 20 ವರ್ಷ ಕಮ್ಮಿ, ಹೃದಯ, ಶ್ವಾಸಕೋಶ ಕೆಡುವುದೇ ಅದಕ್ಕೆ ದೊಡ್ಡ ಕಾರಣ ಅಂತ ಹೇಳಿದ ಮೇಲೆ ಸ್ವಲ್ಪ ಕಿವಿಗೊಡುತ್ತಾರೆ.

ಆಮೇಲೆ ಮಾತ್ರೆ ಚೀಟಿ ಕೇಳುತ್ತೇನೆ. ಅದರಲ್ಲಿ ಈ ಕಾಯಿಲೆಗೆ ಕೊಡುವ ಕ್ಲೋಜಪಿನ್ ಅಥವಾ ಒಲಾಂಜಪಿನ್ ಇದ್ದರೆ ಎಚ್ಚರ. ಬೀಡಿ ಹೊಗೆ ಒಳಗೆ ಹೋಗುತ್ತಿದ್ದರೆ ಲಿವರ್ ಈ ಮಾತ್ರೆಗಳನ್ನು ಬೇಗ ಖರ್ಚು ಮಾಡಿಬಿಡುತ್ತದೆ. ಬೀಡಿ ನಿಂತರೆ ಅದೇ ಡೋಸು ಒಂದು ವಾರದಲ್ಲೇ ರಕ್ತದಲ್ಲಿ ಜಾಸ್ತಿಯಾಗುತ್ತದೆ. ಒಬ್ಬರು ಬೀಡಿ ಬಿಟ್ಟ ಮರುವಾರ ಬಂದಾಗ ಹೆಗಲ ಟವೆಲ್ಲು ಜೊಲ್ಲಿನಿಂದ ತೊಯ್ದಿತ್ತು, ಬೆಂಚಿನ ಮೇಲೇ ತೂಕಡಿಸುತ್ತಿದ್ದರು. ಮೊದಲೇ ಹೇಳಿದ್ದರೂ ಅವರಮ್ಮ “ಬಿಡಿಸಿದ್ದಕ್ಕೇ ಹೀಗಾಯ್ತು” ಅಂತ ರೇಗಿದರು. ಡಾಕ್ಟರ್ ಡೋಸು ಇಳಿಸಿದರು, ಸರಿಹೋಯಿತು. ಮತ್ತೆ ಸೇದಿದರೆ ಉಲ್ಟಾ: ಮಾತ್ರೆ ಸಾಲದೆ ಕಿವಿಯಲ್ಲಿ ಧ್ವನಿಗಳು ಶುರುವಾಗಬಹುದು. ಅದಕ್ಕೇ ‘ಸೇದಿದ್ರೆ ಬೈಯಲ್ಲ, ಆದ್ರೆ ಹೇಳ್ಬೇಕು’ ಅನ್ನೋದು ನಮ್ಮ ಒಪ್ಪಂದ.

ಕಾಫಿಯದ್ದೂ ಇದೇ ಕಥೆ. ಬೀಡಿ ಬಿಟ್ಟವರಿಗೆ ಅಷ್ಟೇ ಕಾಫಿ ಜಾಸ್ತಿ ಏರುತ್ತದೆ. ಕೈ ನಡುಕ, ನಿದ್ದೆ ಇಲ್ಲ. ಮನೆಯವರು ಕಾಯಿಲೆ ಕೆರಳಿತು ಅಂದುಕೊಳ್ಳುತ್ತಾರೆ. ಕಾಫಿ ಅರ್ಧ ಮಾಡಿ ಅಂದರೆ ಬೀಡಿಗಿಂತ ದೊಡ್ಡ ಜಗಳ, ಅದು ಬೇರೆ ವಿಷಯ!

ಬೀಡಿ ಚಟ ತಣಿಸಲು ಕೊಡುವ ನಿಕೋಟಿನ್ ಗಮ್ಮಿನಿಂದ ಮಾತ್ರೆಗೆ ತೊಂದರೆಯಿಲ್ಲ, ಲಿವರ್ ಮೇಲೆ ಕೆಲಸ ಮಾಡುವುದು ಹೊಗೆ. ಆದರೆ ಗಮ್ ಕೊಟ್ಟರೆ ಬಬಲ್‌ಗಮ್ ಹಾಗೆ ಅಗಿದು ರಸ ನುಂಗುತ್ತಾರೆ. ಬಿಕ್ಕಳಿಕೆ, ಹೊಟ್ಟೆ ಉರಿ. “ನಾಲ್ಕೈದು ಸಲ ಅಗೀರಿ, ಖಾರ ಬಂತಾ, ಹೊಗೆಸೊಪ್ಪಿನ ಹಾಗೆ ದವಡೇಲಿಟ್ಕೊಳ್ಳಿ” ಅಂದ ತಕ್ಷಣ ಅರ್ಥವಾಗುತ್ತದೆ. ಎದುರಿಗೇ ಒಂದು ಅಗಿಸಿ ನೋಡುತ್ತೇನೆ.

ಹಿಂದೆ ನಾನಿದ್ದ ಒಂದು ಕಡೆ, ಮಾತ್ರೆ ನುಂಗಿದರೆ ಬೀಡಿ ಕೊಡುವ ಪದ್ಧತಿ ಇತ್ತು. ನನಗದು ಸುತರಾಂ ಒಪ್ಪಿಗೆಯಿಲ್ಲ. ಬೀಡಿಯನ್ನು ಬಹುಮಾನ ಮಾಡಿದವರು ನಾವೇ ಅಲ್ವಾ?

ದಿನಾಂಕ ಗೊತ್ತು ಮಾಡಿ ಒಂದೇ ಸಲ ಬಿಡಿ ಅಂತ ಒತ್ತಾಯಿಸುವುದಿಲ್ಲ. ಎದ್ದ ಕೂಡಲೇ ಸೇದುವ ಬೀಡಿಯನ್ನು ಕಾಫಿ ಆದಮೇಲೆ, ಆಮೇಲೆ ತಿಂಡಿ ಆದಮೇಲೆ ಅಂತ ಮುಂದೂಡಿಸುತ್ತೇನೆ. ನಡುವೆ ಗಮ್. ತಂಬಾಕು ಬಿಡಲು ನೆರವಾಗುವ 1800-11-2356 ಕ್ವಿಟ್‌ಲೈನ್ ಉಚಿತ, ಆದರೆ ಫೋನಿನಲ್ಲಿ ಗುರುತಿಲ್ಲದ ದನಿ ಕೇಳಿದರೆ ಕೆಲವರು ಹೆದರುತ್ತಾರೆ. ಅಂಥವರ ಬದಲು ಮನೆಯವರು ಮಾತಾಡಲಿ.