ಹೇಂಟೆಗೆ ಕಾವು ಬಂತೇ? ಕೂರಿಸುವುದೋ, ಬಿಡಿಸುವುದೋ

ನಿನ್ನೆಯವರೆಗೆ ಅಂಗಳವೆಲ್ಲ ಕೆದಕಿಕೊಂಡು ಓಡಾಡುತ್ತಿದ್ದ ಹೇಂಟೆ ಇವತ್ತು ಮಂಕರಿ ಬಿಟ್ಟು ಏಳುತ್ತಿಲ್ಲ. ಹತ್ತಿರ ಹೋದರೆ ಮೈಗರಿ ಕೆದರಿಕೊಂಡು ಗುರ್ ಎನ್ನುತ್ತದೆ, ಕೈ ಹಾಕಿದರೆ ಕುಟುಕುತ್ತದೆ. ಮೊಟ್ಟೆಯೂ ನಿಂತಿದೆ. ಹಿತ್ತಲಲ್ಲಿ ಹೊಸದಾಗಿ ನಾಲ್ಕಾರು ನಾಟಿ ಕೋಳಿ ಸಾಕಿಕೊಂಡವರು ಗಾಬರಿಯಾಗುವುದು ಇಲ್ಲೇ. ರೋಗ ಬಂತೆಂದು ಔಷಧಿ ಕುಡಿಸಿದವರನ್ನೂ ನೋಡಿದ್ದೇನೆ. ಹೇಂಟೆಗೆ ಬಂದಿರುವುದು ಕಾವು. ಈಗ ತೀರ್ಮಾನ ನಿಮ್ಮದು: ಮರಿ ಮಾಡಿಸಬೇಕು, ಇಲ್ಲವೇ ಕಾವು ಬಿಡಿಸಬೇಕು. ಯಾವುದು ಮಾಡಿದರೂ ಸರಿಯೇ. ಏನೂ ಮಾಡದೆ ಖಾಲಿ ಗೂಡಿನಲ್ಲಿ ವಾರಗಟ್ಟಲೆ ಕೂರಲು ಬಿಟ್ಟರೆ ಮಾತ್ರ ಕೋಳಿ ಸೊರಗಿಹೋಗುತ್ತದೆ.

ಮೊದಲು ಖಾತ್ರಿ ಮಾಡಿಕೊಳ್ಳಿ

ಮೊಟ್ಟೆ ಇಡಲು ಬಂದ ಹೇಂಟೆಯೂ ಗೂಡಿನಲ್ಲಿ ಗಂಟೆಹೊತ್ತು ಕೂರುವುದುಂಟು. ಹಾಗಾಗಿ ಹಗಲು ನೋಡಿ ತೀರ್ಮಾನಿಸಬೇಡಿ. ರಾತ್ರಿ ಎಂಟರ ಹೊತ್ತಿಗೆ ಟಾರ್ಚ್ ಹಿಡಿದು ಹೋಗಿ. ಉಳಿದ ಕೋಳಿಗಳ ಜೊತೆ ಮಲಗಿದ್ದರೆ ಕಾವು ಇನ್ನೂ ಬಂದಿಲ್ಲ. ಎರಡು ರಾತ್ರಿ ಸತತವಾಗಿ ಮಂಕರಿಯಲ್ಲೇ ಇದ್ದರೆ ಅನುಮಾನ ಬೇಡ. ಹೊಟ್ಟೆಯ ಕೆಳಗೆ ಮೆಲ್ಲಗೆ ಕೈ ಹಾಕಿದರೆ ಎದೆಯ ಗರಿ ಉದುರಿ ಬರಿಯ ಚರ್ಮ ಬೆರಳಿಗೆ ತಾಗುತ್ತದೆ, ಬಿಸಿಯಾಗಿರುತ್ತದೆ. ಆ ಬಿಸಿ ನೇರವಾಗಿ ಮೊಟ್ಟೆಗೆ ಸಿಗಲಿ ಎಂದೇ ಗರಿ ಉದುರುವುದು. ದಿನಕ್ಕೆ ಒಮ್ಮೆ ಎದ್ದು, ಲೊಕ್ ಲೊಕ್ ಎನ್ನುತ್ತ ಬಂದು, ಗಬಗಬನೆ ತಿಂದು ನೀರು ಕುಡಿದು, ದೊಡ್ಡದಾಗಿ ವಿಪರೀತ ನಾರುವ ಹಿಕ್ಕೆ ಹಾಕಿ, ಇಪ್ಪತ್ತು ನಿಮಿಷದಲ್ಲಿ ವಾಪಸ್ ಓಡುತ್ತದೆ. ಆ ಹಿಕ್ಕೆ ಕಂಡು ಭೇದಿಯೆಂದು ಹೆದರಬೇಡಿ.

ಮೊಟ್ಟೆ ನಿಲ್ಲುವುದಕ್ಕೆ ಕಾರಣ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು. ಅದು ಏರಿದಂತೆ ಅಂಡಾಶಯ ಕುಗ್ಗುತ್ತದೆ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟು, 21 ದಿನ ಕಾವು ಕೂತು, ಮತ್ತೆ ಎರಡು ತಿಂಗಳು ಮರಿ ಮೇಯಿಸುತ್ತದೆ. ಒಂದು ಸುತ್ತಿಗೆ ಮೂರು ಮೂರೂವರೆ ತಿಂಗಳಾಯಿತು. ವರ್ಷಕ್ಕೆ ಅಂಥ ಸುತ್ತು ಮೂರೇ. ನಾಟಿ ಕೋಳಿ ಮೊಟ್ಟೆ ಕಡಿಮೆ ಇಡುತ್ತದೆ ಎಂದು ದೂರುವವರು ಈ ಲೆಕ್ಕ ಹಾಕಿ ನೋಡಬೇಕು.

ಮೊಟ್ಟೆ ಇಡುವ ಹೊತ್ತು ದಿನಾ ಬದಲಾದರೆ

ಒಂದು ಮೊಟ್ಟೆ ಒಳಗೆ ತಯಾರಾಗಲು ಸುಮಾರು 25 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಹಾಗಾಗಿ ನಿನ್ನೆ ಎಂಟಕ್ಕೆ ಇಟ್ಟದ್ದು ಇವತ್ತು ಒಂಬತ್ತು ದಾಟಿ ಇಡುತ್ತದೆ, ನಾಳೆ ಇನ್ನೂ ತಡ, ಆಮೇಲೆ ಒಂದು ದಿನ ಬಿಡುವು. ಹ್ಯಾಟೆಯ, ಅಂದರೆ ಹೊಸದಾಗಿ ಮೊಟ್ಟೆಗೆ ಬಂದ ಎಳೆ ಹೇಂಟೆಯ, ಮೊದಮೊದಲ ಮೊಟ್ಟೆ ಚಿಕ್ಕದಿದ್ದರೆ, ಒಮ್ಮೊಮ್ಮೆ ಒಳಗೆ ಎರಡು ಭಂಡಾರ (ಹಳದಿ ಭಾಗ) ಇದ್ದರೆ ಚಿಂತೆ ಇಲ್ಲ. ಚಿಪ್ಪು ಮೆತ್ತಗಿದ್ದರೆ ಸುಣ್ಣದಂಶ ಸಾಲದೆಂದು ಅರ್ಥ. ಒಡೆದ ಮೊಟ್ಟೆಯ ಚಿಪ್ಪನ್ನು ಹುರಿದು, ಪುಡಿ ಮಾಡಿ ಹಾಕಿ. ಹುರಿಯದೆ ದೊಡ್ಡ ಚೂರುಗಳನ್ನೇ ಹಾಕಿದರೆ ಮೊಟ್ಟೆ ಕುಟುಕಿ ತಿನ್ನುವ ಚಟ ಹತ್ತಬಹುದು.

ಕೂರಿಸುವುದಾದರೆ

ಹುಂಜ ಜೊತೆಯಲ್ಲಿದ್ದ ಕೋಳಿಗಳ ಮೊಟ್ಟೆಯೇ ಬೇಕು, ಒಂದು ವಾರಕ್ಕಿಂತ ಹಳೆಯದಾಗಿರಬಾರದು. ಚಿಕ್ಕ ಮೈಯ ನಾಟಿ ಹೇಂಟೆಗೆ ಹತ್ತು ಹನ್ನೆರಡು ಸಾಕು. ಅಂಚಿಗೆ ಸರಿದ ಮೊಟ್ಟೆಗೆ ಬಿಸಿ ತಾಗುವುದಿಲ್ಲ. ಮಂಕರಿಯ ತಳಕ್ಕೆ ಒಂದು ಹಿಡಿ ಒಲೆಬೂದಿ, ಮೇಲೆ ಒಣಹುಲ್ಲು. ಬೂದಿಯಿದ್ದರೆ ಹೇನಿನ ಕಾಟ ಕಡಿಮೆ. ನಮ್ಮಮ್ಮ ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಇದ್ದಿಲು, ಒಣಮೆಣಸಿನಕಾಯಿ, ಕಬ್ಬಿಣದ ಚೂರು ಇಡುತ್ತಿದ್ದರು. ಇಡಿ, ಅಡ್ಡಿಯಿಲ್ಲ. ಆದರೆ ಗುಡುಗಿಗಿಂತ ಇರುವೆಗೆ ಹೆಚ್ಚು ಹೆದರಬೇಕು. ಮರಿ ಚಿಪ್ಪು ಒಡೆಯುವ ಹೊತ್ತಿಗೆ ಇರುವೆ ಮುತ್ತಿದರೆ ಒಂದೂ ಉಳಿಯುವುದಿಲ್ಲ. ಮಂಕರಿಯನ್ನು ಇಟ್ಟಿಗೆಯ ಮೇಲಿಟ್ಟು, ಇಟ್ಟಿಗೆಯನ್ನು ನೀರು ತುಂಬಿದ ತಟ್ಟೆಯಲ್ಲಿಡಿ.

ಇನ್ನು ಬಹಳ ಜನ ಕೇಳುವ ಒಗಟು: ಕಾವಿಗೆ ಕೂತ ಹೇಂಟೆಯೇ ಮೊಟ್ಟೆಯನ್ನೂ ಇಡುತ್ತಿದೆಯಲ್ಲ, ಹೇಗೆ?

ನಮ್ಮ ಕೆಂಚು ಹೇಂಟೆ ಹನ್ನೊಂದು ಮೊಟ್ಟೆಗೆ ಕೂತಿತ್ತು. ಹತ್ತನೇ ದಿನ ನೋಡಿದರೆ ಹದಿನೈದು! ಭೇಷ್ ಎಂದುಕೊಂಡೆ. 21ನೇ ದಿನ ಮರಿ ಹೊರಬಂದವು, ಒಂಬತ್ತು. ಮಾರನೇ ದಿನ ತಾಯಿ ಅವುಗಳನ್ನು ಕರೆದುಕೊಂಡು ಅಂಗಳಕ್ಕೆ ನಡೆದೇಬಿಟ್ಟಿತು. ಮಂಕರಿಯಲ್ಲಿ ಉಳಿದ ಮೊಟ್ಟೆಗಳು ಸಂಜೆಗೆ ತಣ್ಣಗಾಗಿದ್ದವು. ಒಂದನ್ನು ಒಡೆದೆ. ಒಳಗೆ ಕೊಕ್ಕು, ಉಗುರು ಎಲ್ಲ ಮೂಡಿದ್ದ ಮರಿ. ಇನ್ನೂ ಕೆಲವು ದಿನ ಕಾವು ಸಿಕ್ಕಿದ್ದರೆ ಅದೂ ಅಂಗಳದಲ್ಲಿರುತ್ತಿತ್ತು. ಅದನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದು ಇವತ್ತಿಗೂ ಮರೆತಿಲ್ಲ.

ಆದದ್ದಿಷ್ಟೆ: ಕೆಂಚು ಮೇಯಲು ಎದ್ದಾಗ ಬೇರೆ ಹೇಂಟೆಗಳು ಬೆಚ್ಚಗಿನ ಗೂಡು ಕಂಡು ಬಂದು ಇಟ್ಟು ಹೋಗಿದ್ದವು. ಮೊಟ್ಟೆ ಕಂಡಲ್ಲೇ ಮೊಟ್ಟೆ ಇಡುವುದು ಕೋಳಿಗಳ ಸ್ವಭಾವ. ಕೂತಿರುವ ತಾಯಿ ತನ್ನದು, ಪರರದ್ದು ಎಂದು ನೋಡದೆ ಎಲ್ಲವನ್ನೂ ಹೊಟ್ಟೆಯಡಿಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಕೂರಿಸುವ ದಿನವೇ ಪ್ರತಿ ಮೊಟ್ಟೆಯ ಸುತ್ತ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಿರಿ. ಚಿಪ್ಪಿನಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಮಾರ್ಕರ್ ಶಾಯಿ ಬೇಡ. ತಾಯಿ ಎದ್ದ ಹೊತ್ತಿನಲ್ಲಿ ದಿನಾ ಒಮ್ಮೆ ನೋಡಿ, ಗೆರೆಯಿಲ್ಲದ್ದನ್ನು ತೆಗೆದು ಅಡುಗೆಮನೆಗೆ ತನ್ನಿ. ಸಾಧ್ಯವಿದ್ದರೆ ಕಾವಿನ ಕೋಳಿಗೆ ಬೇರೆ ಮೂಲೆಯನ್ನೇ ಮಾಡಿಕೊಡಿ; ಜಾಗ ಬದಲಿಸುವುದನ್ನು ಕತ್ತಲಾದ ಮೇಲೆ ಮಾಡಿ.

ಏಳನೇ ರಾತ್ರಿ ಟಾರ್ಚಿನ ಬಾಯಿಗೆ ಮೊಟ್ಟೆಯ ದಪ್ಪ ತುದಿ ಹಿಡಿದು ನೋಡಿ. ಜೇಡದ ಕಾಲಿನಂತೆ ಕೆಂಪು ನರಗಳು ಕಂಡರೆ ಜೀವವಿದೆ. ಏನೂ ಕಾಣದೆ ತಿಳಿಯಾಗಿದ್ದರೆ ತೆಗೆದುಬಿಡಿ. 18ನೇ ದಿನದ ನಂತರ ಮೊಟ್ಟೆ ಮುಟ್ಟಬೇಡಿ. ಮರಿ ಚಿಪ್ಪು ಒಡೆಯಲು ಇಡೀ ದಿನ ತೆಗೆದುಕೊಂಡರೂ ನಾವು ಬಿಡಿಸಲು ಹೋಗಬಾರದು, ರಕ್ತ ಬರುತ್ತದೆ. ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಭಂಡಾರದ ಶೇಷ ಇರುವುದರಿಂದ ಒಂದು ದಿನ ತಿನ್ನದಿದ್ದರೂ ನಡೆಯುತ್ತದೆ. ನೀರಿನ ತಟ್ಟೆಗೆ ಸಣ್ಣ ಕಲ್ಲು ಹಾಕಿಡಿ, ಮರಿ ಮುಳುಗುವುದಿಲ್ಲ.

ಬಿಡಿಸುವುದಾದರೆ

ಹುಂಜ ಇಲ್ಲದ ಮನೆಯಲ್ಲಿ, ಬಿರುಬೇಸಿಗೆಯಲ್ಲಿ, ಬಡಕಲಾದ ಹೇಂಟೆಗೆ ಕಾವು ಬಿಡಿಸುವುದೇ ಲೇಸು. ನೀರಿನಲ್ಲಿ ಅದ್ದುವುದು, ಮೂಗಿನ ಹೊಳ್ಳೆಗೆ ಗರಿ ಚುಚ್ಚುವುದು ಇವೆಲ್ಲ ಹಿಂಸೆ, ದಯವಿಟ್ಟು ಮಾಡಬೇಡಿ. ಎದೆಗೆ ತಂಪು ತಾಗಿದರೆ ಕಾವು ತಾನಾಗಿ ಇಳಿಯುತ್ತದೆ. ತಳದಲ್ಲಿ ತಂತಿ ಬಲೆಯಿರುವ ಪಂಜರವನ್ನು ನಾಲ್ಕು ಇಟ್ಟಿಗೆಯ ಮೇಲೆ ಎತ್ತಿಟ್ಟು, ಗಾಳಿ ಬೆಳಕಿರುವ ನೆರಳಿನಲ್ಲಿ ಅದರೊಳಗೆ ಬಿಡಿ. ಹುಲ್ಲು ಹಾಕಬೇಡಿ. ಮೇವು, ನೀರು ಧಾರಾಳವಾಗಿರಲಿ. ಮೂರು ನಾಲ್ಕು ದಿನ ಕಳೆದು ಹೊರಗೆ ಬಿಟ್ಟಾಗ ಮೇಯಲು ಹೋದರೆ ಮುಗಿಯಿತು. ಮಂಕರಿ ಕಡೆ ಓಡಿದರೆ ಇನ್ನೆರಡು ದಿನ. ಮೊದಲೆರಡು ದಿನದಲ್ಲೇ ಶುರು ಮಾಡಿದಷ್ಟೂ ಬೇಗ ಬಿಡುತ್ತದೆ.

ವೈಟ್ ಲೆಗ್‌ಹಾರ್ನ್‌ನಂಥ ಮೊಟ್ಟೆ ತಳಿಗಳಿಗೆ ಈ ತಾಪತ್ರಯವೇ ಇಲ್ಲ. ಕಾವಿನ ಗುಣ ಅವುಗಳಲ್ಲಿ ಹೆಚ್ಚುಕಡಿಮೆ ಅಳಿದುಹೋಗಿದೆ. ಕಡಕ್‌ನಾಥ್ ಕೂಡ ಸರಿಯಾಗಿ ಕೂರುವುದಿಲ್ಲ. ಅವುಗಳ ಮೊಟ್ಟೆಗೂ ನಾಟಿ ಹೇಂಟೆಯನ್ನೇ ಕೂರಿಸಬೇಕು.

ಬಚ್ಚಿಟ್ಟು ಇಡುವ ಹೇಂಟೆ

ಕೆಲವು ಹೇಂಟೆಗಳು ಗೂಡು ಬಿಟ್ಟು ಬೇಲಿಯ ಸಂದಿಯಲ್ಲೋ ಸೌದೆ ಒಟ್ಟಿದ ಕಡೆಯೋ ಇಟ್ಟು ಬರುತ್ತವೆ. ಅಂಥದ್ದನ್ನು ಬೆಳಿಗ್ಗೆ ಹತ್ತು ಹನ್ನೊಂದರವರೆಗೆ ಕೂಡಿಹಾಕಿ, ಬಿಟ್ಟ ಕೂಡಲೇ ದೂರದಿಂದ ಹಿಂಬಾಲಿಸಿ. ಮೊಟ್ಟೆ ತಡೆಯಲಾರದೆ ನೇರ ಅಲ್ಲಿಗೇ ಓಡುತ್ತದೆ. ಸಿಕ್ಕವನ್ನು ನೀರಿಗೆ ಹಾಕಿ ನೋಡಿ, ತೇಲಿದ್ದು ಹಳೆಯದು. ಒಂದನ್ನು ಗೆರೆ ಎಳೆದು ಅಲ್ಲೇ ಬಿಡಿ. ಎಲ್ಲ ತೆಗೆದರೆ ನಾಳೆ ಬೇರೆ ಜಾಗ ಹುಡುಕುತ್ತದೆ.

ಮರಿ ಮಾಡಿದ ಹೇಂಟೆ ಎರಡು ತಿಂಗಳಾಗುತ್ತಿದ್ದಂತೆ ತನ್ನ ಮರಿಗಳನ್ನೇ ಕುಟುಕಿ ಓಡಿಸತೊಡಗುತ್ತದೆ. ಮಕ್ಕಳು ಅಯ್ಯೋ ಎನ್ನುತ್ತಾರೆ. ಬಿಳಿಚಿದ್ದ ಜುಟ್ಟು ಆ ಹೊತ್ತಿಗೆ ಮತ್ತೆ ಕೆಂಪಾಗುತ್ತ ಬಂದಿರುತ್ತದೆ. ಮಂಕರಿಯ ಹಳೆ ಹುಲ್ಲು ಸುಟ್ಟು, ಬಿಸಿಲಿಗೆ ಒಣಗಿಸಿ, ಹೊಸ ಹುಲ್ಲು ಹಾಕಿಡಿ.