ಜೊಂಡಿನ ಉಲಿಯಕ್ಕಿಯನ್ನೂ ಕಡಲ ಅಲ್ಬಟ್ರಾಸನ್ನೂ ಹೋಲಿಸುವ ಕ್ರಮ

ಬಾಗಲಕೋಟೆಯ ಸುತ್ತ ಆಲಮಟ್ಟಿ ಹಿನ್ನೀರಿನ ಅಂಚಿನಲ್ಲಿ ಜೊಂಡು ದಟ್ಟವಾಗಿ ಬೆಳೆದಿರುವ ಕಡೆ ಬೆಳಗಿನ ಹೊತ್ತು ಕುಳಿತು ಕಾದರೆ, ಕಣ್ಣಿಗೆ ಬೀಳುವ ಮೊದಲೇ ಗದ್ದಲದ ದನಿಯಿಂದ ಗುರುತು ಕೊಡುವ ಕಂದು ಹಕ್ಕಿಯೇ ಜೊಂಡಿನ ಉಲಿಯಕ್ಕಿ. ಇದನ್ನು ದಕ್ಷಿಣದ ಸಾಗರಗಳಲ್ಲಿ ಅಲೆಯುವ ವಾಂಡರಿಂಗ್ ಅಲ್ಬಟ್ರಾಸ್‌ಗೆ ಹೋಲಿಸ ಹೊರಟವರು ಸಾಮಾನ್ಯವಾಗಿ ಗಾತ್ರದಿಂದ ಆರಂಭಿಸುತ್ತಾರೆ. ಪಾದದಿಂದ ಆರಂಭಿಸುವುದು ಮೇಲೆಂದು ನನ್ನ ಅಭಿಪ್ರಾಯ.

ಉಲಿಯಕ್ಕಿಯ ಮೂರು ಬೆರಳು ಮುಂದಕ್ಕೂ ಒಂದು ಹಿಂದಕ್ಕೂ ಇರುವುದರಿಂದ ಅದು ನೆಟ್ಟಗೆ ನಿಂತ ಕಾಂಡವನ್ನು ಹಿಡಿದು ಕೂರಬಲ್ಲದು. ಅಲ್ಬಟ್ರಾಸಿನ ಮುಂಬೆರಳುಗಳ ನಡುವೆ ಜಾಲಪೊರೆಯಿದೆ. ಹಾರಲು ಅದು ನೀರಿನ ಮೇಲೆ ಓಡಬೇಕಾಗುತ್ತದೆ.

ಅನಂತರ ರೆಕ್ಕೆ. ಅಂಗಳದಲ್ಲಿ 3 ಮೀಟರ್ ಹಗ್ಗ ಚಾಚಿರಿ. ಅಲ್ಬಟ್ರಾಸಿನ ಬಿಚ್ಚಿದ ರೆಕ್ಕೆಗಳ ಅಗಲ ಇಷ್ಟಿರುತ್ತದೆ, ಕೆಲವದರಲ್ಲಿ 3.5 ಮೀಟರಿನವರೆಗೂ ಹೋಗುತ್ತದೆ. ಉಲಿಯಕ್ಕಿ ಕೊಕ್ಕಿನಿಂದ ಬಾಲದ ತುದಿಯವರೆಗೆ ಒಂದು ಗೇಣಿಗಿಂತ ತುಸು ಕಡಿಮೆ, ಆದರೆ ಮೈಯುದ್ದವನ್ನು ರೆಕ್ಕೆಯ ಅಗಲಕ್ಕೆ ಹೋಲಿಸುವ ತಪ್ಪನ್ನು ಮಾಡಬಾರದು. ಅಳತೆಗಿಂತಲೂ ಆಕಾರ ಮುಖ್ಯ: ಜೊಂಡಿನ ಸಂದಿಯಲ್ಲಿ ನುಸುಳಲು ಗಿಡ್ಡ ರೆಕ್ಕೆ ಬೇಕು, ಗಾಳಿಯ ಮೇಲೆ ತೇಲಲು ನೀಳವಾದ ಕಿರಿದಾದ ರೆಕ್ಕೆ ಬೇಕು. ಆಷಾಢದ ಗಾಳಿಯಲ್ಲಿ ಗಾಳಿಪಟ ಹಾರಿಸಿದವರಿಗೆ, ನೆಲದ ಬಳಿ ತೂರಾಡುವ ಪಟ ಮೇಲೇರಿದಂತೆ ದಾರ ಬಿಗಿಯಾಗುವುದು ಗೊತ್ತಿರುತ್ತದೆ. ಕಡಲಿನ ಮೇಲೂ ಹಾಗೆಯೇ ಅಲೆಗಳ ಹತ್ತಿರ ಗಾಳಿ ಮಂದ, ಮೇಲೆ ಬಿರುಸು. ಈ ವ್ಯತ್ಯಾಸದಿಂದಲೇ ಶಕ್ತಿ ಪಡೆಯುವ ಅಲ್ಬಟ್ರಾಸ್ ಗಾಳಿಗೆ ಎದುರಾಗಿ ಏರಿ, ತಿರುಗಿ, ಗಾಳಿಯೊಡನೆ ಇಳಿಯುತ್ತ ರೆಕ್ಕೆ ಬಡಿಯದೆ ಬಹುದೂರ ಸಾಗುತ್ತದೆ. ಭುಜದ ಸ್ನಾಯುರಜ್ಜು ರೆಕ್ಕೆಯನ್ನು ಬಿಚ್ಚಿದಂತೆಯೇ ಹಿಡಿದಿಡುವುದರಿಂದ ದಣಿವೂ ಕಡಿಮೆ. ಗಾಳಿ ಬಿದ್ದರೆ ಮಾತ್ರ ಈ ದೈತ್ಯ ನೀರಿನ ಮೇಲೆ ಸುಮ್ಮನೆ ಕೂರಬೇಕಾಗುತ್ತದೆ.

ಕೊಕ್ಕನ್ನು ನೋಡುವಾಗ ಅಲ್ಬಟ್ರಾಸಿನ ಕೊಳವೆಯಂಥ ಮೂಗಿನ ಹೊಳ್ಳೆಗಳನ್ನು ಗುರುತಿಸಿ. ಕಣ್ಣಿನ ಮೇಲ್ಭಾಗದ ಗ್ರಂಥಿಗಳು ರಕ್ತದಿಂದ ಸೋಸಿದ ಹೆಚ್ಚುವರಿ ಉಪ್ಪು ಇವುಗಳ ಮೂಲಕವೇ ಹೊರಬೀಳುತ್ತದೆ.

ಸಂತಾನದ ವಿಷಯದಲ್ಲಿ ಅಲ್ಬಟ್ರಾಸಿನದು ಒಂದೇ ಮೊಟ್ಟೆ, ಸುಮಾರು 11 ವಾರ ಕಾವು. ಮರಿ ಹಾರಲು ಮತ್ತೆ ಒಂಬತ್ತು ತಿಂಗಳಷ್ಟು ಬೇಕಾದ್ದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮಾತ್ರ ಮರಿ. ಉಲಿಯಕ್ಕಿಗೆ ಎರಡು ವಾರದ ಕಾವು ಸಾಕು.

ಕಂಡದ್ದನ್ನು ಒಂದು ಬಣ್ಣದ ಶಾಯಿಯಲ್ಲಿ, ಓದಿದ್ದನ್ನು ಇನ್ನೊಂದರಲ್ಲಿ ಬರೆಯಿರಿ. ಅಲ್ಬಟ್ರಾಸಿನ ಪುಟವೆಲ್ಲ ಎರಡನೆಯ ಬಣ್ಣದ್ದೇ ಆಗಿರುತ್ತದೆ. ಹೆಚ್ಚು ಕಾಣುವ ಆಸೆಯಿಂದ ಜೊಂಡಿನೊಳಗೆ ಇಳಿಯಬೇಡಿ: ಉಲಿಯಕ್ಕಿಯ ಗೂಡನ್ನು ನೀರಿನ ಮೇಲೆ ಎತ್ತಿ ಹಿಡಿದಿರುವುದು ಕೆಲವೇ ಕಾಂಡಗಳು.